ಹಸಿರು ಶಾಯಿಯ ಸಹಿ

ಮಲ್ಲಾಜಮ್ಮನಿಗೆ ಓದು ಬರುವುದಿಲ್ಲ ಎಂದು ದೊರೆಸ್ವಾಮಿ ಮೇಷ್ಟ್ರು ವರ್ಷವಿಡೀ ನಂಬಿದ್ದರು. ಗುಂಡ್ಲುಪೇಟೆಯ ಈರುಳ್ಳಿ ವರ್ತಕರು ನಡೆಸುತ್ತಿದ್ದ ಪುಟ್ಟ ವಾಚನಾಲಯದಲ್ಲಿ ಕಸ ಗುಡಿಸುವವಳೂ ಅವಳೇ, ಪುಸ್ತಕ ಕೊಡುವವಳೂ ಅವಳೇ. ಲೇಖಕರ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಈ ನೀಲಿ ರಟ್ಟಿಂದು ತಕ್ಕಳಿ ಸಾ. ಮೊದಲ್ನೇ ಕತೆ ಬುಡಿ, ಬರೀ ಬಡಾಯಿ. ಮೂರ್ನೇದು ಓದಿ. ಆಮೇಲೆ ಎಲ್ಡು ದಿನ ಏನೂ ಓದ್ಬ್ಯಾಡಿ" ಎನ್ನುತ್ತಿದ್ದಳು.

ಯಾರೋ ಹೇಳಿದ್ದನ್ನು ಒಪ್ಪಿಸುತ್ತಾಳೆ ಎಂದುಕೊಂಡಿದ್ದರು ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು. ಒಂದು ಮಧ್ಯಾಹ್ನ ಬೀರುವಿನ ಹಿಂದೆ ಅವಳು ಅದೇ ಮೂರನೇ ಕತೆ ಓದುತ್ತ ಕಣ್ಣೊರೆಸಿಕೊಳ್ಳುವುದನ್ನು ಕಂಡಾಗ ಆ ಭ್ರಮೆ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಬಂತು: ಒಳ್ಳೊಳ್ಳೆ ಕಥಾಸಂಕಲನಗಳನ್ನು ಅವಳು ತಮ್ಮ ಅಭಿರುಚಿಗೆಂದೇ ಎತ್ತಿಡುತ್ತಾಳೆ.

ಲಾರಿ ಡ್ರೈವರ್ ಮೂಗಯ್ಯನಿಗೂ ಅವಳು ಕಥಾಸಂಕಲನಗಳನ್ನೇ ಕೊಡುತ್ತಿದ್ದಳು. "ಲೋಡಾಗೋ ಒತ್ಗೆ ಎಲ್ಡು ಕತೆ ಮುಗೀತವೆ ಕಣಣ್ಣ." ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮೂಗಯ್ಯ ನಾಲಿಗೆ ಕಚ್ಚಿಕೊಂಡು ಸಹಿ ಮಾಡುತ್ತಿದ್ದ. ಮೇಷ್ಟ್ರದು ಗೆಜೆಟೆಡ್ ಸಹಿ, ಹಸಿರು ಶಾಯಿಯದು. ಅಂಕಪಟ್ಟಿ ಹಿಡಿದ ಹುಡುಗರು ಅದಕ್ಕಾಗಿ ಸಾಲು ನಿಲ್ಲುತ್ತಿದ್ದರು. "ನನ್ನ ಕೈಲೂ ಸಹಿ ಹಾಕಿಸ್ತೀಯೇನಮ್ಮ?" ಎಂದು ನಕ್ಕು, ಪುಸ್ತಕವನ್ನು ಕಂಕುಳಿಗೆ ಸೇರಿಸಿ ನಡೆದುಬಿಡುತ್ತಿದ್ದರು.

ತೊಂಬತ್ತೆಂಟರಲ್ಲಿ ವಾಚನಾಲಯಕ್ಕೆ ಟೀವಿ ಬಂತು. ಜಾಗ ಬೇಕು, ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳೆಲ್ಲ ರದ್ದಿಗೆ ಎಂದರು ಕಾರ್ಯದರ್ಶಿ ನಂಜುಂಡಪ್ಪ. ಚೀಟಿ ನೋಡಿ ಬೇರ್ಪಡಿಸಿದಾಗ, ಡ್ರೈವರುಗಳು ಓದಿದ್ದೆಲ್ಲ ಉಳಿಯಿತು. ಮೇಷ್ಟ್ರು ಓದಿದ ಇಪ್ಪತ್ತೆರಡು ಸಂಕಲನಗಳು, ಆ ನೀಲಿ ರಟ್ಟಿನದೂ ಸೇರಿ, ಈರುಳ್ಳಿ ಚೀಲಕ್ಕೆ ಬಿದ್ದವು.

"ಅಷ್ಟೂ ಮೇಷ್ಟ್ರು ಓದವ್ರೆ ಕಣಣ್ಣ, ನಾನೇ ಕೊಟ್ಟೀನಿ!"

"ಸಹಿ ಎಲ್ಲವ್ವಾ?"

ಮಲ್ಲಾಜಮ್ಮ ಕಾಲೇಜಿಗೇ ಓಡಿದಳು. ಪಾಠ ಬಿಟ್ಟು ಬಂದ ಮೇಷ್ಟ್ರು ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಳೇ ತಾರೀಖು ನೆನೆನೆನೆದು ಬರೆದು, ಇಪ್ಪತ್ತೆರಡಕ್ಕೂ ಸಹಿ ಹಾಕಿದರು. ನಂಜುಂಡಪ್ಪ ಒಂದರ ಮೇಲೆ ಬೆರಳಾಡಿಸಿ, ಹಸಿರಾದ ಬೆರಳನ್ನು ಎತ್ತಿ ತೋರಿಸಿದರು.

"ಮೂರು ವರ್ಸ ಆದ್ರೂ ಒಣಗಿಲ್ವಲ್ಲ ಮೇಷ್ಟ್ರೇ. ಒಳ್ಳೇ ಶಾಯಿ."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಮಲ್ಲಾಜಮ್ಮ ನೀಲಿ ರಟ್ಟನ್ನು ಸೆರಗಿನಿಂದ ಒರೆಸಿ, ತಾನೇ ಚೀಲದೊಳಗಿಟ್ಟು, ಬಾಯಿ ಹೊಲಿಯಲು ದಬ್ಬಣ ತಂದುಕೊಟ್ಟಳು.

ವಾರ ಕಳೆದು ಮೇಷ್ಟ್ರು ಅಳುಕುತ್ತಲೇ ಬಂದರು. ಟೀವಿ ಒದರುತ್ತಿತ್ತು. ಅವಳು ತಲೆಯೆತ್ತದೆ ಗುಡಿಸುತ್ತಿದ್ದಳು. ಅವರು ಕೇಳಿಯೇಬಿಟ್ಟರು: "ಏನಮ್ಮ, ನನ್ನ ಅಭಿರುಚಿಗೆ ತಕ್ಕಂಥದ್ದು ಓದೋಕೆ ಇನ್ನೇನಾದ್ರೂ ಉಳಿದಿದೆಯಾ?"

ಅವಳು ಪೊರಕೆಯನ್ನೆತ್ತಿ ಗೋಡೆಯ ಮೇಲಿನ ಹಳೇ ಬೋರ್ಡು ತೋರಿಸಿದಳು. 'ಸಹಿ ಮಾಡದೆ ಪುಸ್ತಕ ಒಯ್ಯಬಾರದು.'

"ಅದ ಓದಿ ಸಾ. ಒಂದೇ ಸಾಲು. ನೀವಿನ್ನೂ ಓದಿಲ್ಲ."