ಬಲಗಡೆ ಬಾಗಿಲಿನ ಡೆಂಟ್

ಗೆಳೆಯರೇ, ನನಗಂತೂ ತಲೆ ಓಡುತ್ತಿಲ್ಲ. ತೀರಿಹೋದ ಸೋದರಮಾವನ ಹಳೆಯ ರ‍್ಯಾಲಿ ಕಾರನ್ನು ಆಗ ಹೇಗಿತ್ತೋ ಹಾಗೆಯೇ ಮತ್ತೆ ಕಟ್ಟಿಸುತ್ತಿದ್ದೇನೆ. ಆಧಾರಕ್ಕೆ ಇರುವುದು ಎಡಮಗ್ಗುಲಿನ ಒಂದೇ ಫೋಟೋ. ಅದರಲ್ಲಿ ಬಾಗಿಲಿಗೆ ಡೆಂಟ್ ಇದೆ. ಹೊಸಪೇಟೆಯ ಟಿಂಕರ್ ಖಾಸಿಂ ಸಾಬರಿಂದ ಅಂಥದ್ದೇ ಡೆಂಟ್ ಹೊಡೆಸಿದೆ. "ತೆಗಿಯೋದು ನನ್ ಕೆಲ್ಸರಿ, ಮಾಡೋದಲ್ಲ" ಎಂದು ಗೊಣಗುತ್ತಲೇ ಹೊಡೆದಿದ್ದರು.

ಇವತ್ತು ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ತಗುಲಿ ಬಲಗಡೆ ಬಾಗಿಲೂ ಒಳಗೆ ಹೋಯಿತು. ಡ್ರೈವರನಿಗೆ ಬಾಯಿಗೆ ಬಂದಂತೆ ಬೈದು, ನೇರ ಸಾಬರ ಶೆಡ್ಡಿಗೆ ಹೋದೆ.

"ಇದನ್ನ ಜಲ್ದಿ ತೆಗೀರಿ."

ಸಾಬರು ಫೋಟೋವನ್ನೇ ಬಹಳ ಹೊತ್ತು ನೋಡಿದರು. "ಇದ್ರಾಗ ಬಲಗಡೆ ಕಾಣಂಗೇ ಇಲ್ಲಲ್ರೀ. ಅಲ್ಲಿ ಡೆಂಟ್ ಇದ್ದಿಲ್ಲ ಅಂತ ಹೆಂಗ ಹೇಳ್ತೀರಿ?"

ಕಾರು ಕೆಟ್ಟಿದೆಯೋ, ಪೂರ್ತಿಯಾಗಿದೆಯೋ? ಆ ಡ್ರೈವರನನ್ನು ಹುಡುಕಿ ಥ್ಯಾಂಕ್ಸ್ ಹೇಳಬೇಕೋ ಏನೋ.