ಅಣ್ಣನಿಗೆ ಹೇಳಿದ ನಿಜ

ಅಣ್ಣ ಅಫೀಮು ತಿನ್ನುತ್ತಾನೆಂದು ಮಾಂಬಳ್ಳಿಗೆಲ್ಲ ಗೊತ್ತಿತ್ತು. ಗಾಡಿ ಹೊಡೆದು ಹಿಡಿದ ಸೊಂಟನೋವಿಗೆ ಯಾರೋ ಕಡಲೆಕಾಳಿನಷ್ಟು ಕೊಟ್ಟಿದ್ದರಂತೆ. ನೋವು ಹೋಯಿತು, ಚಟ ಉಳಿಯಿತು. ಅಪ್ಪ ಅವ್ವ ತೀರಿಹೋಗಿ ಮನೆಯಲ್ಲಿ ನಾವಿಬ್ಬರೇ. ನಾನು ಪ್ರೈಮರಿ ಸ್ಕೂಲ್ ಮೇಷ್ಟ್ರು. ಅವನ ಸೊಂಟಕ್ಕಿಂತ ನನ್ನ ಮಾನವೇ ನನಗೆ ದೊಡ್ಡದಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಗಾಡಿಯ ಹುಲ್ಲಿನಡಿ ಒಂದು ಉಂಡೆ ಸಿಕ್ಕಿತೆಂದು ಪೊಲೀಸರು ಅವನನ್ನು ಒಂದು ಹಗಲು ಲಾಕಪ್ಪಿನಲ್ಲಿ ಕೂರಿಸಿ, ನಾಲ್ಕು ಬಾರಿಸಿ ಬಿಟ್ಟರು. ಆಮೇಲೆ ನಾನು ಮಾಡಿದ ಘನಕಾರ್ಯ ಕೇಳಿ. ನೇರವಾಗಿ ಮಾದಪ್ಪನ ಗುಡಿಗೆ ಕರೆದೊಯ್ದು, ಊರವರೆದುರು ಇನ್ನು ಅಫೀಮು ಮುಟ್ಟುವುದಿಲ್ಲವೆಂದು ಕರ್ಪೂರ ಆರಿಸಿ ಆಣೆ ಮಾಡಿಸಿದೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿದವನು ಮಾತು ತಪ್ಪಿದರೆ ಅವನ ಮನೆಯವರಿಗೇ ಕೇಡು ಎಂದು ನಮ್ಮ ಕಡೆ ನಂಬಿಕೆ.

ಮಾರನೆಯ ದಿನದಿಂದ ವಾಂತಿ, ಭೇದಿ, ನಡುಕ. "ಮಾದಪ್ಪ ಒಳ್ಗಿನ್ ಕೊಳೆ ತೊಳೀತಾವ್ನೆ" ಎಂದರು ಊರವರು. ನಾನೂ ಪೆದ್ದನಂತೆ ನಂಬಿದೆ. ಎರಡು ದಿನ ಬಿಟ್ಟು ಅವನದೇ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಹಾಕಿಕೊಂಡು ಹೋದೆ.

"ಇದು ಕಾಯಿಲೆ, ಮೇಷ್ಟ್ರೇ. ಕಾಯಿಲೆಯವನ ಕೈಲಿ ಯಾರಾದ್ರೂ ಆಣೆ ಮಾಡಿಸ್ತಾರೇನ್ರಿ?" ಎಂದು ಡಾಕ್ಟರು ಉಗಿದರು. ಅಡ್ಮಿಟ್ ಮಾಡಿ ಎಂದರು. ಬಾಗಿಲಲ್ಲಿ ಪೇದೆಯೊಬ್ಬ ನಿಂತಿದ್ದ. ಅವನನ್ನು ಕಂಡದ್ದೇ ಅಣ್ಣ ನನ್ನ ತೋಳು ಬಿಡಲಿಲ್ಲ. "ಮನ್ಗೇ ಕರ್ಕಂಡೋಗ್ಲಾ" ಎಂದು ಅತ್ತ. ಕೊನೆಗೆ ಡಾಕ್ಟರು ಒಂದು ಸೀಸೆ ಕೊಟ್ಟರು. ಅದರಲ್ಲೂ ಅಫೀಮೇ ಇತ್ತು. ದಿನಕ್ಕಿಷ್ಟು ಹನಿ ಕಡಿಮೆ ಮಾಡುತ್ತ ಬಿಡಿಸಬೇಕು, ಒಮ್ಮೆಗೇ ನಿಲ್ಲಿಸಿದರೆ ಈ ಸೋತ ದೇಹ ತಾಳುವುದಿಲ್ಲ ಎಂದರು.

ಮನೆಯಲ್ಲಿ ನೀರಿಗೆ ಹನಿ ಬಿಟ್ಟು ಕೊಟ್ಟೆ. ಅವನು ಲೋಟ ಮೂಸಿದ.

"ಇದ್ರಲ್ಲೂ ಅದೇ ಅದಾ? ದಿಟ ಯೋಳ್ಲಾ."

ಮಕ್ಕಳಿಗೆ ಸುಳ್ಳಾಡಬೇಡಿ ಎಂದು ದಿನಾ ಹೇಳುವ ಬಾಯಿ. "ಹೌದು. ಆದ್ರೆ ಇದು ಔಷ್ದಿ ಕಣಣ್ಣ" ಎಂದೆ.

"ಕರ್ಪೂರ ಆರ್ಸಿವ್ನಿ. ಕುಡುದ್ರೆ ನಿಂಗೇ ಕೇಡು" ಎಂದವನು ತುಟಿ ಬಿಗಿಹಿಡಿದ. ಕಾಲು ಹಿಡಿದೆ, ಬೈದೆ, ಚಮಚದಿಂದ ಹಲ್ಲಿನ ಸಂದಿಗೆ ಸುರಿದೆ. ಉಗಿದುಬಿಟ್ಟ.

ಕೊಳ್ಳೇಗಾಲದಿಂದ ಬಂದ ಮೂರನೆಯ ಬೆಳಿಗ್ಗೆ ಅವನ ಧ್ವನಿ ಕೇಳಿಸುವುದೇ ಕಷ್ಟವಾಗಿತ್ತು. ಹತ್ತಿರ ಕರೆದು, "ನಾನ್ ಕೇಳ್ದಾಗ ಇಲ್ಲ ಅನ್ಬಾರ್ದಾಗಿತ್ತಾ ಕಣ್ಲಾ? ಕುಡ್ದ್ಬುಡ್ತಿದ್ದೆ" ಎಂದ. ಆಗಲೇ ಲೋಟ ತಂದೆ. ನುಂಗುವ ಶಕ್ತಿ ಇರಲಿಲ್ಲ. ಮಧ್ಯಾಹ್ನಕ್ಕೆ ಹೋದ.

ಊರವರು "ಆಣೆ ಉಳಿಸ್ಕಂಡ್ ಸತ್ತ, ಗಂಡಸು" ಎಂದು ಹೊಗಳುತ್ತ ಮಣ್ಣು ಮಾಡಿದರು. ಆಮೇಲೆ ಎಷ್ಟೋ ವರ್ಷ ಆ ಮನೆಯಲ್ಲಿ ಒಬ್ಬನೇ ಬೇಯಿಸಿ ಒಬ್ಬನೇ ಉಂಡೆ. ಅವನು ಕೊನೆಗೆ ಏನು ಕೇಳಿದನೆಂದು ಅವರಲ್ಲಿ ಒಬ್ಬರಿಗೂ ಹೇಳುವ ಧೈರ್ಯ ನನಗೆ ಬರಲಿಲ್ಲ.