ಪಾಲಯ್ಯನ ಹೆಸರಿನ ಕಾರು

ರೇಷನ್ ಕಾರ್ಡು ಏಕೆ ರದ್ದಾಯಿತೆಂದು ಕೇಳಲು ಸುಂಕಲಮ್ಮ ಕುರುಗೋಡಿನ ತಾಲ್ಲೂಕು ಕಚೇರಿಗೆ ಹೋದಾಗ, ಗುಮಾಸ್ತ ಭೀಮರಾಜ ಕಂಪ್ಯೂಟರ್ ನೋಡಿದ, ಅವಳ ಚಪ್ಪಲಿ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ.

"ನಿಮ್ಮ ಮನ್ಯಾಗ ಕಾರ್ ಐತಲ್ಲಮ್ಮ," ಅಂದ.

ಸುಂಕಲಮ್ಮ ನಕ್ಕುಬಿಟ್ಟಳು. ಮನೆಯಲ್ಲಿರುವುದು ಒಂದು ಹಳೆಯ ಮೊಪೆಡ್ಡು, ಅದನ್ನೂ ಚಳಿಯ ದಿನಗಳಲ್ಲಿ ತಳ್ಳಿಯೇ ಚಾಲೂ ಮಾಡಬೇಕು; ಯಾರದೋ ಹೆಸರು ಯಾರಿಗೋ ಬಿದ್ದಿದೆ, ಸರಿಯಾಗಿ ನೋಡಿ ಎಂದಳು. ಭೀಮರಾಜ ಬೇಸರ ಪಡದೆ ಪರದೆಯನ್ನು ಅವಳ ಕಡೆ ತಿರುಗಿಸಿದ. ಗಂಡನ ಹೆಸರು ಪಾಲಯ್ಯ, ಸರಿ. ಮಾವನ ಹೆಸರು, ಸರಿ. ಬಸವೇಶ್ವರ ಗುಡಿಯ ಹಿಂದಿನ ಓಣಿ, ಮನೆ ನಂಬರು, ಅದೂ ಸರಿ. ಅದರ ಕೆಳಗೆ ಒಂದು ಗಾಡಿಯ ನಂಬರು, ಬಣ್ಣ ಕೆಂಪು. ಅವಳಿಗೆ ಅರ್ಥವಾಗಲಿ ಎಂದು ಆತ ತನ್ನ ಫೋನಿನಲ್ಲಿ ಅದೇ ತರಹದ ಕಾರಿನ ಚಿತ್ರ ಹುಡುಕಿ ತೋರಿಸಿದ. ಎರಡೇ ಬಾಗಿಲು. ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿರುವ, ರೇಸಿನಲ್ಲಿ ಓಡಿಸುವಂಥ ಕಾರು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಹಿಂದಿದ್ದ ಮುದುಕನೊಬ್ಬ, ಇಂಥಾದ್ದು ಇಟ್ಟುಕೊಂಡು ಪುಗಸಟ್ಟೆ ಅಕ್ಕಿಗೆ ಬಂದಾಳ ಎಂದು ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಸುಂಕಲಮ್ಮನ ಕೈ ತಾನಾಗಿಯೇ ಸೆರಗಿನ ತುದಿ ಹುಡುಕಿತು. ಅವತ್ತು ಅವಳು ತೊಟ್ಟಿದ್ದು ಚೂಡಿದಾರ.

ಅಕ್ಕಿ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಆರು ವರ್ಷದ ಮಗಳು ಅಕ್ಷಿತಾಳ ಎಡಗಿವಿಯ ತಮಟೆಯಲ್ಲಿ ತೂತು. ಬಲಗಿವಿಯೂ ಅಷ್ಟಕ್ಕಷ್ಟೇ. ಶಾಲೆಯಲ್ಲಿ ಟೀಚರ್ ಕೂಗಿದರೂ ತಿರುಗುವುದಿಲ್ಲವೆಂದು ದಿನಾ ದೂರು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಇನ್ನು ಇಪ್ಪತ್ತಾರು ದಿನ. ಅಷ್ಟರೊಳಗೆ ಕಾರ್ಡು ಚಾಲ್ತಿಯಲ್ಲಿದ್ದರೆ ಬಿಟ್ಟಿ, ಇಲ್ಲದಿದ್ದರೆ ಅವರಿಂದಾಗುವ ಮಾತಲ್ಲ. ಭೀಮರಾಜನೂ ಮಕ್ಕಳೊಂದಿಗನೇ. ಸ್ವಲ್ಪ ದನಿ ತಗ್ಗಿಸಿ ದಾರಿ ಹೇಳಿದ: ಕಾರು ಮಾರಿ, ಹೆಸರು ಬದಲಾದ ಕಾಗದ ತಂದರೆ ಕಾರ್ಡು ಮತ್ತೆ ಚಾಲೂ ಮಾಡಲು ತಾನೇ ಬರೆದು ಕಳಿಸುತ್ತೇನೆ.

ಮನೆಗೆ ಬಂದಾಗ ಪಾಲಯ್ಯ ಊಟಕ್ಕೆ ಕೂತಿದ್ದ. ಆತ ಊರಿನ ಶಾಲೆಯೊಂದರ ವ್ಯಾನ್ ಡ್ರೈವರು. ಸುಂಕಲಮ್ಮನಿಗೆ ಸೋದರತ್ತೆಯ ಮಗ. ಚಿಕ್ಕಂದಿನಿಂದ ಮಾವ ಎಂದು ಕರೆದವಳು ಮದುವೆಯಾದ ಮೇಲೂ ಹಾಗೇ ಕರೆಯುತ್ತಿದ್ದಳು. ಅವನ ಹೊಟ್ಟೆಯಲ್ಲಿ ಏನಿದೆ ಎನ್ನುವುದು ಮುಖ ನೋಡಿದರೆ ಗೊತ್ತಾಗುತ್ತದೆಂದು ಅವಳ ನಂಬಿಕೆ. ಕೂಗಾಡಲಿಲ್ಲ. ಎದುರಿಗೆ ನಿಂತು ಕೇಳಿದಳು.

"ಮಾವ, ನಮ್ಮ ಕಾರು ಎಲ್ಲಿ ಐತಿ?"

ಪಾಲಯ್ಯ ರೊಟ್ಟಿ ಚೂರನ್ನು ಪಲ್ಯಕ್ಕೆ ಅದ್ದಿದವನು ಹಾಗೇ ಹಿಡಿದುಕೊಂಡ. "ಸಿರುಗುಪ್ಪದಾಗ," ಅಂದ.

ಯಾವ ಕಾರು ಎಂದು ಆತ ಕೇಳುತ್ತಾನೆ, ತಾನು ಹೇಳುತ್ತೇನೆ, ಇಬ್ಬರೂ ನಗುತ್ತೇವೆ ಎಂದುಕೊಂಡೇ ಅವಳು ದಾರಿಯುದ್ದ ಬಂದಿದ್ದಳು. ಆತ ಕೇಳಲೇ ಇಲ್ಲ. ಸುಂಕಲಮ್ಮ ಗೋಡೆ ಹಿಡಿದು ಕೂತಳು.

ಆಮೇಲೆ ಒಂದೊಂದಾಗಿ ಹೊರಬಂತು. ಅದಿರಿನ ಕಾಲದಲ್ಲಿ ಪಾಲಯ್ಯ ಲಾರಿ ಕ್ಲೀನರ್ ಆಗಿ ಬಳ್ಳಾರಿಗೆ ಹೋದವನು. ಕೆಂಪು ಧೂಳು ಊಟದ ತಾಟಿನ ಮೇಲೂ ಕೂರುತ್ತಿದ್ದ ದಿನಗಳು ಅವು. ಹೋದ ವರ್ಷ ಸೈಕಲ್ ತುಳಿದವನು ಈ ವರ್ಷ ಕಾರಿನಲ್ಲಿ ಬರುತ್ತಿದ್ದ. ಇಪ್ಪತ್ತೆರಡನೇ ವಯಸ್ಸಿಗೆ ಪಾಲಯ್ಯ ಲಾರಿಗಳ ಮಾಲೀಕ ದೊಡ್ಡಬಸವರಾಜನ ಮನೆ ಡ್ರೈವರ್ ಆದ. ಹಿಂದಿನ ಸೀಟಿನಲ್ಲಿ ಕೇಳಿದ ಮಾತನ್ನು ಮುಂದಿನ ಸೀಟಿಗೆ ತಾರದವನೆಂದು ಧಣಿಗೆ ಅವನ ಮೇಲೆ ಪ್ರೀತಿ. ಒಂದು ದಿನ ಧಣಿ ಕಾಗದ ಚಾಚಿ ಸಹಿ ಹಾಕು ಎಂದ, ಹಾಕಿದ. ಏಕೆಂದು ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಎರಡು ತಿಂಗಳು ಧಣಿ ಆ ಕೆಂಪು ಕಾರಿನಲ್ಲಿ ಮೆರೆದ. ಅಷ್ಟರಲ್ಲಿ ಅದಿರಿನ ಕೆಲಸ ನಿಂತು ತನಿಖೆ ಶುರುವಾಯಿತು. ಕಾರನ್ನು ಸಿರುಗುಪ್ಪದ ಮುಚ್ಚಿದ ಅಕ್ಕಿ ಗಿರಣಿಯೊಂದರಲ್ಲಿ ಇಡು, ಕೆಡದ ಹಾಗೆ ತಿಂಗಳಿಗೊಮ್ಮೆ ಚಾಲೂ ಮಾಡುತ್ತಿರು, ಕೇಳಿದಾಗ ತಂದುಕೊಡು ಎಂದ. ಕೇಳಲಿಲ್ಲ. ಆರು ವರ್ಷದ ಹಿಂದೆ ಎದೆನೋವಿನಿಂದ ತೀರಿಹೋದ.

ತಿಂಗಳ ಎರಡನೇ ಭಾನುವಾರ ಗಿರಣಿಯ ಗಾಡಿ ನೋಡಿ ಬರುತ್ತೇನೆ ಎಂದು ಗಂಡ ಹೋಗುತ್ತಿದ್ದನಲ್ಲ, ಆ ಗಾಡಿ ಇದು. ಚಾಲೂ ಮಾಡಿ, ರಾರಾವಿ ದಾರಿಯಲ್ಲಿ ಎರಡು ಮೈಲಿ ಓಡಿಸಿ, ಒರೆಸಿ ಮುಚ್ಚಿ ಬರುತ್ತಿದ್ದನಂತೆ. ತನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಗುಂಡಿ ಬಂದರೆ ಇಳಿ ಎನ್ನುವ ಈ ಮನುಷ್ಯ.

ಮರುದಿನವೇ ಮಗಳನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದರು. ಗಿರಣಿಯಲ್ಲಿ ಹಳೆಯ ಹೊಟ್ಟಿನ ವಾಸನೆ. ಪಾಲಯ್ಯ ಮೊದಲು ತಾಡಪಾಲು ಎಳೆದ, ಅದರ ಕೆಳಗೆ ಗೋಣಿತಟ್ಟು, ಅದರ ಕೆಳಗೆ ಹೂವಿನ ಅಂಚಿನ ಒಂದು ಬೆಡ್‌ಶೀಟು. ಸುಂಕಲಮ್ಮ ಆ ಬೆಡ್‌ಶೀಟನ್ನೇ ನೋಡಿದಳು. ತವರಿನಿಂದ ತಂದದ್ದು. ಹಗ್ಗದ ಮೇಲಿಂದ ಕದ್ದಳೆಂದು ಪಕ್ಕದ ಮನೆಯ ಈರಮ್ಮನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು.

"ಗೋಣಿ ತಾಗಿದ್ರ ಗೀರು ಬೀಳ್ತಿತ್ತು," ಎಂದ ಪಾಲಯ್ಯ ನೆಲ ನೋಡುತ್ತ.

ಕಾರು ನೋಡಿದ ಮೇಲೆ ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಹೊಸ ಬಳೆಯ ಹಾಗೆ ಹೊಳೆಯುತ್ತಿತ್ತು. ಅಕ್ಷಿತಾ ಬಾಗಿಲಲ್ಲಿ ತನ್ನ ಮುಖ ನೋಡಿಕೊಂಡು ಹಲ್ಲು ಕಿರಿದಳು. ಪಾಲಯ್ಯ ಒಳಗೆ ಕೂತು ಕೀಲಿ ತಿರುವಿದ್ದೇ ತಗಡಿನ ಸೂರಿನಿಂದ ಪಾರಿವಾಳಗಳು ಎದ್ದವು. ಮೂರು ಸಲ ಕೂಗಿದರೂ ತಿರುಗದ ಹುಡುಗಿ ಗಕ್ಕನೆ ತಿರುಗಿ, ಎರಡೂ ಕೈ ಬಾನೆಟ್ಟಿನ ಮೇಲಿಟ್ಟು, ಅವ್ವಾ ಇದು ನನ್ನ ಕೂಡ ಮಾತಾಡ್ತತಿ ಎಂದಳು. ಸುಂಕಲಮ್ಮ ಮುಖ ಬೇರೆ ಕಡೆ ಮಾಡಿದಳು. ಈ ಸದ್ದಿನಷ್ಟು ಜೋರಾಗಿ ಜಗತ್ತಿನಲ್ಲಿ ಯಾರು ತಾನೇ ಇವಳನ್ನು ಮಾತಾಡಿಸುತ್ತಾರೆ.

"ಮಾರಿಬಿಡು ಮಾವ," ಎಂದಳು.

"ಕಾಗದ ನಂದು. ಕಾರು ನಂದಲ್ಲ. ಇನ್ನೊಬ್ರದು ಮಾರಿದ್ರ ಕಳವಿಗೂ ಅದಕ್ಕೂ ಏನ್ ಫರಕು?"

"ಹಂಗಾರ ವಾಪಸ್ ಕೊಟ್ಟು ಬಾ."

"ಧಣೇರು ಕೇಳಿದ್ರ ಕೊಡು ಅಂದಿದ್ರು. ಕೇಳಲಿಲ್ಲಲ್ಲ."

"ಸತ್ತು ಆರು ವರ್ಷ ಆತು. ಇನ್ನ ಎಲ್ಲಿಂದ ಕೇಳ್ತಾರ?"

ಪಾಲಯ್ಯ ಗಾಜು ಒರೆಸತೊಡಗಿದ. ಮಗಳ ಕಿವಿಯ ಬಗ್ಗೆ ಅವನಿಗೆ ಕಾಳಜಿಯಿಲ್ಲವೆಂದಲ್ಲ. ಅವಳು ಮಲಗಿದಾಗ ಕಿವಿಗೆ ಹತ್ತಿ ಇಡುವವನು ಅವನೇ. ಆದರೆ ಬದುಕಿನಲ್ಲಿ ಅವನು ಗಳಿಸಿದ್ದೆಂದರೆ ಒಂದೇ, ಪಾಲಯ್ಯನ ಕೈಯಲ್ಲಿ ಕೊಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ಮಾತು. ಅದು ಸುಂಕಲಮ್ಮನಿಗೂ ಗೊತ್ತು. ಅದಕ್ಕೇ ಜಗಳ ಬೆಳೆಸದೆ, ಧಣಿ ಇಲ್ಲದಿದ್ದರೆ ಧಣಿಯ ಹೆಂಡತಿ ಇದ್ದಾರಲ್ಲ, ನಾಳೆಯೇ ಹೋಗಿ ಅವರ ಕೈಗೆ ಕೀಲಿ ಕೊಡೋಣ ಎಂದಳು. ಇದಕ್ಕೆ ಆತ ತಲೆಯಾಡಿಸಿದ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಎತ್ತರದ ಜಗಲಿಯ ಹಳೆಯ ಮನೆ. ಧಣಿಯ ಹೆಂಡತಿ ಚನ್ನವೀರಮ್ಮ ಬಾಗಿಲ ಬಳಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಾಲಯ್ಯ ಕೈ ಮುಗಿದು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ನಿನ್ನ ಹೆಸರಿನಾಗ ಏನೈತಪ್ಪ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಪಾಲಯ್ಯ ಕೆಂಪು ಕಾರು ಎಂದ.

"ಹೋದ ವಾರ ಅಡಿಗಿ ಮೂಕಪ್ಪ ಬಂದಿದ್ದ. ಅವನ ಹೆಸರಿನಾಗ ಎರಡು ಟಿಪ್ಪರ್ ಅದಾವಂತ. ಪಾಪ, ಅವಂಗ ಸೈಕಲ್ ಹತ್ತಾಕ ಬರಂಗಿಲ್ಲ. ಅದರ ಹಿಂದಿನ ವಾರ ಮಾಲಿ. ರೇಷನ್ ಕಾರ್ಡು ಹೋದ ಮ್ಯಾಲೆ ಒಬ್ಬೊಬ್ಬರ ಬರಾಕತ್ತೀರಿ. ನಮ್ಮೋರು ಏನೇನು ಮಾಡಿಟ್ಟಿದ್ರು ಅಂತ ನಂಗ ನಿಮ್ಮಿಂದನ ಗೊತ್ತಾಗೂದು."

ಸುಂಕಲಮ್ಮ ಬೆಪ್ಪಾಗಿ ನಿಂತಳು. ತನ್ನ ಮನೆಯಲ್ಲಿ ಮಾತ್ರ ಬಿದ್ದ ಸಿಡಿಲು ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಅಡುಗೆಯವನು, ಮಾಲಿ, ಎಲ್ಲರ ಅಕ್ಕಿಯೂ ಈ ಜಗಲಿಯಲ್ಲೇ ನಿಂತಿದೆ. ಪಾಲಯ್ಯ ಕೀಲಿಯನ್ನು ಸೊಪ್ಪಿನ ಮೊರದ ಪಕ್ಕ ಇಟ್ಟ. ಚನ್ನವೀರಮ್ಮ ಅದನ್ನು ಮುಟ್ಟಲಿಲ್ಲ. ತಾನು ಆ ಕಾರನ್ನು ಕಂಡವಳಲ್ಲ, ತನ್ನ ಹೆಸರಿಗೆ ಬಂದರೆ ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಹೇಳಬೇಕು, ಗಂಡ ಸತ್ತ ಮೇಲೆ ಉತ್ತರ ಹೇಳಿ ಹೇಳಿಯೇ ಸಾಕಾಗಿದೆ ಎಂದರು. ಪಾಲಯ್ಯ ಕೀಲಿ ಎತ್ತಿಕೊಂಡು ಮೆಟ್ಟಿಲಿಳಿದ.

ಗೇಟಿನ ಹತ್ತಿರ ಹೆಂಡತಿಗೆ ಹೇಳಿದ, ಅಮ್ಮಾರು ಬೇಡ ಅಂದರು ನಿಜ, ಆದರೆ ಮಾರು ಅನ್ನಲಿಲ್ಲ. ಸುಂಕಲಮ್ಮ ಅವನನ್ನು ಅಲ್ಲೇ ಬಿಟ್ಟು ಒಬ್ಬಳೇ ವಾಪಸು ಮೆಟ್ಟಿಲು ಹತ್ತಿದಳು. ಮಗಳ ಕಿವಿ, ಆಪರೇಷನ್ನಿನ ದಿನ, ಗಂಡನ ಹಠ, ಎಲ್ಲ ಹೇಳಿದಳು. "ನಿಮ್ಮ ಬಾಯಿಂದ ಒಂದು ಮಾತು ಬಂದ್ರ ಸಾಕ್ರಿ ಅಮ್ಮಾರ. ಇಲ್ಲಾಂದ್ರ ಈ ಮನುಷ್ಯಾ ಸಾಯೂತನ ಅದನ್ನ ಒರೆಸ್ಕಂತ ಕುಂದರ್ತಾನ."

ಚನ್ನವೀರಮ್ಮ ಬಹಳ ಹೊತ್ತು ಸೊಪ್ಪಿನ ಕಡ್ಡಿ ಮುರಿದರು. "ನಮ್ಮೋರು ಓಡಿಸಿದ್ದು ಎರಡು ತಿಂಗಳು. ನಿನ್ನ ಗಂಡ ಹದಿನಾಕು ವರ್ಷ ಎಣ್ಣಿ ಹಾಕ್ಯಾನ. ಯಾರದು ಅಂತ ನೀನ ಹೇಳು," ಎಂದರು. ಆಮೇಲೆ, ಅದು ಇನ್ನೂ ಓಡುತ್ತದೆಯೇ ಎಂದು ಕೇಳಿದರು. ಓಡುತ್ತದೆಂದಾಗ, ಹಾಗಾದರೆ ಮಾರುವ ಮೊದಲು ಒಮ್ಮೆ ತರಲು ಹೇಳು, ಯಾವ ಸುಖಕ್ಕೆ ಆ ಮನುಷ್ಯ ಮನೆ ಮರೆತಿದ್ದ ಅಂತ ನೋಡುತ್ತೇನೆ ಎಂದರು. ಕಂಡಿಲ್ಲ ಎಂದು ಅವರು ಹೇಳಿದ್ದು ಜಾರಿಕೊಳ್ಳುವ ಮಾತಾಗಿರಲಿಲ್ಲ. ಗಂಡ ಆ ಕಾರನ್ನು ಹೆಂಡತಿಗೆ ತೋರಿಸಿಯೇ ಇರಲಿಲ್ಲ. ದೊಡ್ಡ ಮನೆಯಲ್ಲೂ ಹೀಗೇ, ಗಂಡ ಮುಚ್ಚಿಡುತ್ತಾನೆ ಎಂದುಕೊಂಡಳು ಸುಂಕಲಮ್ಮ.

ನಾಲ್ಕನೇ ದಿನ ಪಾಲಯ್ಯ ಕಾರು ತಂದ. ಅದು ಎಷ್ಟು ತಗ್ಗೆಂದರೆ ಚನ್ನವೀರಮ್ಮ ಕೂರಲಿಲ್ಲ, ಬಿದ್ದರು ಎನ್ನಬೇಕು. ಕಂಟೋನ್ಮೆಂಟಿನ ಮರಗಳ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಇಳಿಯಲು ಮಾತ್ರ ಆಗಲಿಲ್ಲ. ಸುಂಕಲಮ್ಮ ಒಂದು ರಟ್ಟೆ, ಪಾಲಯ್ಯ ಒಂದು ರಟ್ಟೆ ಹಿಡಿದು, ಬಾವಿಯಿಂದ ಸೇದುವ ಹಾಗೆ ಮೇಲೆತ್ತಿದರು. ಮೆಟ್ಟಿಲ ಮೇಲೆ ಕೂತು ಉಸಿರು ತಗೊಂಡು, ಆ ಕಾರನ್ನೇ ನೋಡಿದರು.

"ಇಷ್ಟನಾ?" ಎಂದರು. "ನಡ ಹಿಡೀತು. ಮಾರಪ್ಪ ಇದನ್ನ. ಬಂದದ್ದನ್ನ ಹುಡುಗಿ ಹೆಸರಿಗೆ ಪೋಸ್ಟಾಫೀಸಿನಾಗ ಇಡು."

ಹೀಗೆ ಅಪ್ಪಣೆಯಾಯಿತು. ಕೌಲ್ ಬಜಾರಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುವ ಶಾಕೀರ್ ಬಂದು ನೋಡಿ, ಹದಿನಾಲ್ಕು ವರ್ಷ ಗಿರಣಿಯಲ್ಲಿದ್ದ ಗಾಡಿ ಇದೆಂದರೆ ಅಲ್ಲಾಹುನೂ ನಂಬುವುದಿಲ್ಲ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡ. ಪಾಲಯ್ಯ ಅವನಿಗೆ ಅರ್ಧ ಗಂಟೆ ಬುದ್ಧಿ ಹೇಳಿದ: ಎರಡನೇ ಗೇರಿಗೆ ಅವಸರ ಮಾಡಬೇಡ, ಎಡಗಡೆಯ ಗಾಜು ಒತ್ತಿ ಇಳಿಸಬೇಡ, ಬಿಸಿಲಿಗೆ ನಿಲ್ಲಿಸಬೇಡ. ಮಗಳನ್ನು ಕೊಡುತ್ತಿದ್ದೀಯೋ ಗಾಡಿಯನ್ನೋ ಎಂದು ಶಾಕೀರ್ ನಕ್ಕ. ಪಾಲಯ್ಯ ನಗಲಿಲ್ಲ. ಹೆಸರು ಬದಲಾದ ಕಾಗದ ಬಂತು, ಭೀಮರಾಜ ಹೇಳಿದಂತೆಯೇ ಬರೆದ, ಆಪರೇಷನ್ನಿಗೆ ಎರಡು ದಿನ ಇದೆ ಎನ್ನುವಾಗ ಕಾರ್ಡು ಚಾಲ್ತಿಗೆ ಬಂತು.

ಆಪರೇಷನ್ನಿನ ದಿನ ಬೆಳಿಗ್ಗೆ ಹತ್ತಕ್ಕೆ ಅಕ್ಷಿತಾಳನ್ನು ಹಸಿರು ಅಂಗಿ ಹಾಕಿ ಒಳಗೆ ಕರೆದುಕೊಂಡು ಹೋದರು. ಗಂಡ ಹೆಂಡತಿ ಬಾಗಿಲ ಎದುರಿನ ಬೆಂಚಿನಲ್ಲಿ ಕೂತರು. ಆಮೇಲೆ ಪಾಲಯ್ಯ ಬಾಗಿಲನ್ನೇ ನೋಡುತ್ತ ಹೇಳಿದ:

"ಇವಳು ಹುಟ್ಟಿದ ದಿನ ನಾ ಲಾರ್ಯಾಗ ಬಂದಿಲ್ಲ."

ಅಕ್ಷಿತಾ ದಿನ ತುಂಬುವ ಮೊದಲೇ ಒಂದು ಭಾನುವಾರ ಕುರುಗೋಡಿನ ಆಸ್ಪತ್ರೆಯಲ್ಲಿ ಹುಟ್ಟಿದವಳು. ಗಂಡ ಸಿರುಗುಪ್ಪದಲ್ಲಿದ್ದ. ಹೆರಿಗೆ ಬೇನೆ ಬಂದಾಗ ಫೋನು ಮಾಡಿದರೆ, ಮಗುವಿಗೆ ಬಟ್ಟೆ ಸುತ್ತುವುದರೊಳಗೆ ಬಾಗಿಲಲ್ಲಿ ನಿಂತಿದ್ದ. ಅಷ್ಟು ಬೇಗ ಹೇಗೆ ಬಂದೆ ಎಂದು ನರ್ಸಮ್ಮನೂ ಕೇಳಿದ್ದಳು. ಪರಿಚಯದ ಭತ್ತದ ಲಾರಿ ಸಿಕ್ಕಿತು, ಡ್ರೈವರ್ ಒಳ್ಳೆಯವನು, ಜೋರು ಓಡಿಸಿದ ಎಂದಿದ್ದ. ಅಂದಿನಿಂದ ಆರು ವರ್ಷ, ಭತ್ತದ ಲಾರಿ ಕಂಡಾಗಲೆಲ್ಲ ಸುಂಕಲಮ್ಮ ಆ ಹೆಸರು ಗೊತ್ತಿಲ್ಲದ ಡ್ರೈವರನಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಅವಳು ಅವನ ಮುಖವನ್ನು ನೋಡಿದಳು. ಏನೂ ಗೊತ್ತಾಗಲಿಲ್ಲ.

"ಎಷ್ಟು ಜೋರು ಬಂದಿ?"

"ಮುಳ್ಳು ನೋಡಾಕ ಧೈರ್ಯ ಆಗಲಿಲ್ಲ. ತೆಕ್ಕಲಕೋಟಿ ಬಂದಿದ್ದು ಗೊತ್ತು, ಹೋಗಿದ್ದು ಗೊತ್ತಿಲ್ಲ." ಅಂಗೈಯಿಂದ ಬೆಂಚಿನ ಅಂಚು ಒರೆಸುತ್ತ ಹೇಳಿದ, "ಅದೊಂದ ಸಲ, ನಂದು ಅಂತ ಓಡಿಸೀನಿ."

ಆಸ್ಪತ್ರೆಯಲ್ಲಿ ಗದ್ದಲ ಮಾಡಬಾರದೆಂದು ಗೋಡೆಗೆ ಬರೆದಿತ್ತು, ಅದಕ್ಕೇ ಸುಂಕಲಮ್ಮ ಪಿಸುದನಿಯಲ್ಲೇ ಬೈದಳು. ದಾರಿಯಲ್ಲಿ ಎಮ್ಮೆ ಅಡ್ಡ ಬಂದಿದ್ದರೆ, ಟೈರು ಸಿಡಿದಿದ್ದರೆ, ಹುಟ್ಟಿದ ದಿನವೇ ಹುಡುಗಿಗೆ ಅಪ್ಪ ಇಲ್ಲವಾಗುತ್ತಿದ್ದ, ಬುದ್ಧಿ ಎಲ್ಲಿಟ್ಟಿದ್ದೆ ಎಂದಳು. ಪಾಲಯ್ಯ ಒಂದೊಂದಕ್ಕೂ ಹೌದೆಂದು ತಲೆಯಾಡಿಸಿದ. ಬೈಯುತ್ತ ಬೈಯುತ್ತ ಅವಳು ಅವನ ಕೈ ಹಿಡಿದದ್ದು ಅವಳಿಗೇ ತಿಳಿಯಲಿಲ್ಲ.

ಬಾಗಿಲು ತೆರೆದು, ಅಕ್ಷಿತಾ ಕಡೆಯವರು ಯಾರು ಎಂದು ನರ್ಸು ಕೇಳಿದಳು. ಇಬ್ಬರೂ ಒಮ್ಮೆಗೇ ಎದ್ದರು.